ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್: ಒಂದು ರಿಯಾಕ್ಟಿವ್ ಲೋಡ್ ಪೆಟ್ಟಿಗೆ ಕಟ್ಟಿದ ಟಿಪ್ಪಣಿ

ನನ್ನ ಬಳಿ ಇರುವುದು ಇಎಲ್84 ಎಂಬ ಎರಡು ಪವರ್ ವಾಲ್ವ್‌ಗಳ (ಗಾಜಿನ ನಿರ್ವಾತ ನಳಿಕೆಗಳ), ಸುಮಾರು 18 ವ್ಯಾಟ್‌ನ ಗಿಟಾರ್ ಆಂಪ್ (ಆಂಪ್ಲಿಫೈಯರ್). ಕಾಗದದ ಮೇಲೆ ಚಿಕ್ಕದು. ಆದರೆ ಅದರ ನಾದ ಅರಳುವುದು ವಾಲ್ಯೂಮ್ ಗುಂಡಿ ಅರ್ಧ ದಾಟಿದ ಮೇಲೆ. ಅಷ್ಟರಲ್ಲಿ ಕಿಟಕಿಯ ಗಾಜು ಅದುರತೊಡಗಿರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನುಡಿಸಬೇಕು, ಮೈಕ್ ಇಡದೆ ನೇರವಾಗಿ ಕಂಪ್ಯೂಟರಿಗೆ ಧ್ವನಿಮುದ್ರಣ ಮಾಡಬೇಕು, ಆಂಪ್ ಮಾತ್ರ ಇದೇ ಇರಬೇಕು. ನನ್ನ ಬೇಡಿಕೆ ಇಷ್ಟೇ. ಅದಕ್ಕಾಗಿ ಯಾವ ಸಾಧನಗಳನ್ನು ತೂಗಿ ನೋಡಿದೆ, ಕೊನೆಗೆ ಏನನ್ನು ಕೈಯಾರೆ ಕಟ್ಟಿದೆ, ಎಲ್ಲಿ ಕಾಡಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ, 'ಒಂದು ವ್ಯಾಟ್‌ನ ಆಂಪ್ ಕೊಂಡರೆ ಸಾಕು' ಎಂಬ ಸಲಹೆಯ ಲೆಕ್ಕ. ಸೆಲೆಶನ್ ಕಂಪನಿಯ ವಿಂಟೇಜ್ 30 ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಬರುತ್ತದೆ. ಅದೇ ಕಂಪನಿಯ ಗ್ರೀನ್‌ಬ್ಯಾಕ್‌ನಲ್ಲಿ 98. ನನ್ನ 18 ವ್ಯಾಟ್‌ನಿಂದ ಒಂದು ವ್ಯಾಟಿಗೆ ಇಳಿದರೆ ತಗ್ಗುವುದು ಬರೀ ಹನ್ನೆರಡೂವರೆ ಡೆಸಿಬೆಲ್. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ, ಅಷ್ಟೇ. ಮಾತುಕತೆಯ ಮಟ್ಟವಾದ 60 ಡೆಸಿಬೆಲ್ಲಿಗೆ ಬರಬೇಕಾದರೆ ಸ್ಪೀಕರಿಗೆ ಹೋಗಬೇಕಾದದ್ದು ಒಂದು ವ್ಯಾಟಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅಷ್ಟು ಕಡಿಮೆ ಶಕ್ತಿಯಲ್ಲಿ ಸ್ಪೀಕರಿನ ಕಾಗದದ ಕೋನ್ ಸರಿಯಾಗಿ ಅಲುಗುವುದೂ ಇಲ್ಲ. ಹಾಗಾಗಿ ಚಿಕ್ಕ ಆಂಪ್ ಎಂಬ ದಾರಿಯನ್ನು ಲೆಕ್ಕದ ಹಾಳೆಯಲ್ಲೇ ಬಿಟ್ಟುಬಿಟ್ಟೆ.

ಉಳಿದ ದಾರಿಗಳು

ಆಂಪ್ ಇಲ್ಲದೆಯೇ ಅದರ ನಾದವನ್ನು ಅನುಕರಿಸುವ ಮಾಡೆಲರ್‌ಗಳನ್ನು ಕಡೆಗಣಿಸುವ ಕಾಲ ಮುಗಿದಿದೆ. 1982ರಲ್ಲಿ ಬಾಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್ ರಾಕ್‌ಮನ್ ಎಂಬ ಹೆಡ್‌ಫೋನ್ ಆಂಪ್ ತಂದಾಗ, 1989ರಲ್ಲಿ ಟೆಕ್ 21 ಕಂಪನಿ ಸ್ಯಾನ್ಸ್‌ಆಂಪ್ ಪೆಡಲ್ ತಂದಾಗ ಅವು ಸ್ಟುಡಿಯೋದವರ ಉಪಾಯಗಳಾಗಿದ್ದವು. ಈಗ ಕೆಂಪರ್, ಫ್ರ್ಯಾಕ್ಟಲ್ ಪೆಟ್ಟಿಗೆಗಳು ವೇದಿಕೆಯ ಮೇಲೆ ಮಾಮೂಲು. ನ್ಯೂರಲ್ ಆಂಪ್ ಮಾಡೆಲರ್ ಎಂಬ ಮುಕ್ತ ತಂತ್ರಾಂಶವಂತೂ ಉಚಿತ. ಆಂಪ್ ಇಲ್ಲದವರು ಇಲ್ಲಿಂದಲೇ ಶುರು ಮಾಡುವುದು ಜಾಣತನ. ಆ ಮಾತನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಆದರೆ ನನ್ನಲ್ಲಿ ಆಂಪ್ ಇದೆ, ಅದರ ಗುಂಡಿಗಳ ಮೇಲೆ ಬೆರಳು ಇಟ್ಟು ಅಭ್ಯಾಸವಾಗಿದೆ.

ಸ್ಪೀಕರನ್ನು ಮೈಕ್ ಸಮೇತ ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸುವ ಐಸೋಲೇಶನ್ ಕ್ಯಾಬಿನೆಟ್ ಇನ್ನೊಂದು ದಾರಿ. ಜಾಗ ಬೇಡುತ್ತದೆ, ಭಾರ, ಮೇಲಾಗಿ ಮಂದ್ರದ ಗುಡುಗು ನೆಲದ ಮೂಲಕ ಪಕ್ಕದ ಕೋಣೆಗೆ ಹೋಗಿಯೇ ಹೋಗುತ್ತದೆ. ಸ್ಪೀಕರಿಗೆ ಹೋಗುವ ಶಕ್ತಿಯನ್ನು ನಡುವೆ ತಡೆಯುವ ಆಟೆನ್ಯುಯೇಟರ್ ಇದೆ. ಕೆಲವು ಡೆಸಿಬೆಲ್ ಇಳಿಸುವುದಕ್ಕೆ ಅದು ಒಳ್ಳೆಯದು, ನಲವತ್ತು ಡೆಸಿಬೆಲ್ ಇಳಿಸುವುದಕ್ಕಲ್ಲ. ಆಂಪಿನ ಹಿಂದಿರುವ ಎಫೆಕ್ಟ್ ಸೆಂಡ್‌ನಿಂದ ಸಿಗ್ನಲ್ ಕದಿಯಬಹುದು. ಆಗ ಸಿಗುವುದು ಪ್ರೀಆಂಪಿನ, ಅಂದರೆ ಪವರ್ ವಾಲ್ವ್‌ಗಳಿಗೆ ಮೊದಲಿನ ಹಂತದ, ನಾದ ಮಾತ್ರ. ನನ್ನ ಆಂಪಿನ ಜೀವ ಇರುವುದು ಆ ಎರಡು ಇಎಲ್84ಗಳು ಏದುಸಿರು ಬಿಡುವ ಕಡೆ. ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಸಿಗ್ನಲನ್ನು ಎಲ್ಲಿಂದಲೇ ತೆಗೆದರೂ ವಾಲ್ವ್ ಆಂಪಿಗೆ ಸ್ಪೀಕರ್ ಅಥವಾ ಅದಕ್ಕೆ ಸಮನಾದ ಲೋಡ್ ಹಚ್ಚಿಯೇ ಇರಬೇಕು. ಲೋಡ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುರುಳಿಯಲ್ಲಿ ಶೇಖರವಾದ ಶಕ್ತಿಗೆ ಹೋಗಲು ದಾರಿ ಇರುವುದಿಲ್ಲ. ವೋಲ್ಟೇಜ್ ಎಗರಿ ವಾಲ್ವ್ ಸಾಕೆಟ್ಟಿನ ಪಿನ್ನುಗಳ ನಡುವೆ ಕಿಡಿ ಹಾರಬಹುದು, ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ತೂತಾಗಬಹುದು. ಟ್ರಾನ್ಸಿಸ್ಟರ್ ಆಂಪ್‌ಗಳಿಗೆ ಸಾಮಾನ್ಯವಾಗಿ ಈ ಭಯವಿಲ್ಲ. ಅವಕ್ಕೆ ಹೇಳಿದ್ದಕ್ಕಿಂತ ಕಡಿಮೆ ಓಮ್ ಹಚ್ಚುವುದೇ ಅಪಾಯ.

ಹೀಗೆ ಉಳಿದದ್ದು ಲೋಡ್ ಬಾಕ್ಸ್. ಆಂಪಿನ ಪೂರ್ತಿ ಶಕ್ತಿಯನ್ನು ನುಂಗಿ ಬಿಸಿಯಾಗಿಸಿ, ಚಿಟಿಕೆಯಷ್ಟನ್ನು ಧ್ವನಿಮುದ್ರಣಕ್ಕೆ ತಕ್ಕ ಮಟ್ಟದ ಲೈನ್ ಔಟ್ ಆಗಿ ಕೊಡುವ ಪೆಟ್ಟಿಗೆ. ಸಿದ್ಧವಾಗಿ ಸಿಗುವವು ಬೇಕಾದಷ್ಟಿವೆ: ಟೂ ನೋಟ್ಸ್ ಕ್ಯಾಪ್ಟರ್, ಬರೀ ಲೋಡ್ ಮತ್ತು ಲೈನ್ ಔಟ್ ಕೊಡುವ ಸುಹರ್ ರಿಯಾಕ್ಟಿವ್ ಲೋಡ್, ಒಳಗೇ ಕ್ಯಾಬಿನೆಟ್ ಅನುಕರಣೆ ಇರುವ ಯೂನಿವರ್ಸಲ್ ಆಡಿಯೋ ಆಕ್ಸ್, ಸಿಗ್ನಲನ್ನು ಮತ್ತೆ ಬಲಪಡಿಸಿ ಸ್ಪೀಕರಿಗೂ ಕಳಿಸಬಲ್ಲ ಫ್ರಯೆಟ್ ಪವರ್ ಸ್ಟೇಶನ್ ಮತ್ತು ಬಾಸ್ ಟ್ಯೂಬ್ ಆಂಪ್ ಎಕ್ಸ್‌ಪಾಂಡರ್. ಬೆಸುಗೆ ಕಡ್ಡಿ ಹಿಡಿಯಲು ಇಷ್ಟವಿಲ್ಲದವರು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದೇ ಸರಿ. ಆರಿಸುವಾಗ ನೋಡಬೇಕಾದದ್ದು ಮೂರೇ ಸಂಗತಿ: ನಿಮ್ಮ ಆಂಪಿನ ಓಮ್‌ಗೆ ಹೊಂದುತ್ತದೆಯೇ, ಆಂಪಿನ ವ್ಯಾಟ್‌ಗಿಂತ ದುಪ್ಪಟ್ಟು ತಾಳುತ್ತದೆಯೇ, ಒಳಗೆ ಫ್ಯಾನ್ ಇದೆಯೇ. ರಾತ್ರಿಯ ನಿಶ್ಶಬ್ದದಲ್ಲಿ ಫ್ಯಾನಿನ ಸದ್ದು ಎಷ್ಟು ಕಿರಿಕಿರಿ ಎಂಬುದು ಹಗಲು ಅಂಗಡಿಯಲ್ಲಿ ತಿಳಿಯುವುದಿಲ್ಲ.

ನನ್ನ ಕಪಾಟಿನಲ್ಲಿ ದೊಡ್ಡ ಹೀಟ್‌ಸಿಂಕ್ ಇತ್ತು, ಅಲ್ಯೂಮಿನಿಯಂ ಡಬ್ಬ ಇತ್ತು. ಕಟ್ಟುವುದೆಂದು ತೀರ್ಮಾನವಾಯಿತು.

ಬರೀ ರೆಸಿಸ್ಟರ್ ಸಾಲದೇ?

ಆಂಪ್ ಕೆಡದಿರಲು 8 ಓಮ್‌ನ ಒಂದು ದಪ್ಪ ರೆಸಿಸ್ಟರ್ ಸಾಕು. ನಾದಕ್ಕೆ ಸಾಲದು. ಸ್ಪೀಕರಿನ ಬೆನ್ನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು 8 ಓಮ್ ಆಗಿರುವುದು ಒಂದು ಕಿರಿದಾದ ಪಟ್ಟಿಯಲ್ಲಿ, ಸುಮಾರು 300ರಿಂದ 500 ಹರ್ಟ್ಜ್ ಆಸುಪಾಸಿನಲ್ಲಿ. ನೂರು ಹರ್ಟ್ಜ್ ಸಮೀಪ ಕೋನ್ ಅನುರಣಿಸುತ್ತದೆ. ಅಲ್ಲಿ ಇಂಪೀಡೆನ್ಸ್ (ಪರ್ಯಾಯ ಪ್ರವಾಹಕ್ಕೆ ಎದುರಾಗುವ ಅಡ್ಡಿ) ಮೂವತ್ತು ನಲವತ್ತು ಓಮ್, ಕೆಲವೊಮ್ಮೆ ಇನ್ನೂ ಮೇಲಕ್ಕೆ ಏರುತ್ತದೆ. ತಾರದ ಕಡೆಗೆ ಹೋದಂತೆ ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸ್ ಅದನ್ನು ಮತ್ತೆ ಎತ್ತುತ್ತದೆ.

ಈ ಏರಿಳಿತ ನಾದದಲ್ಲಿ ಎಷ್ಟು ಕೇಳಿಸುತ್ತದೆ ಎಂಬುದು ಆಂಪಿನ ಮೇಲೆ ನಿಂತಿದೆ. ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ತಿದ್ದಿಕೊಳ್ಳುವ ಏರ್ಪಾಡು) ಹೆಚ್ಚಿರುವ ಆಂಪ್ ಲೋಡ್ ಹೇಗೆ ಬದಲಾದರೂ ವೋಲ್ಟೇಜನ್ನು ಬಹುಮಟ್ಟಿಗೆ ಒಂದೇ ಸಮ ಇಡುತ್ತದೆ. ವಾಕ್ಸ್ ಎಸಿ30 ಬಗೆಯ, ಫೀಡ್‌ಬ್ಯಾಕ್ ಇಲ್ಲದ ಆಂಪಿನಲ್ಲಿ ಹಾಗಲ್ಲ. ಇಂಪೀಡೆನ್ಸ್ ಏರಿದ ಕಡೆಯಲ್ಲೆಲ್ಲ ವೋಲ್ಟೇಜೂ ಏರುತ್ತದೆ. ನನ್ನದು ಎರಡನೆಯ ಜಾತಿ. ಇಂಥ ಆಂಪಿಗೆ ಬರೀ ರೆಸಿಸ್ಟರ್ ಹಚ್ಚಿದರೆ ಮಂದ್ರ ಸೊರಗುತ್ತದೆ, ತಾರದ ಮೇಲೆ ಮುಸುಕು ಬೀಳುತ್ತದೆ, ನಡುವಿನ ದನಿಯೊಂದೇ ಮುಂದೆ ಬಂದು ನಿಲ್ಲುತ್ತದೆ. ಈಕ್ವಲೈಜರ್‌ನಿಂದ ಇದನ್ನು ಸರಿಪಡಿಸಬಹುದೆಂದು ವಾದಿಸುವವರಿದ್ದಾರೆ. ಸ್ವಚ್ಛ ನಾದಕ್ಕೆ ಆ ಮಾತು ಒಪ್ಪುತ್ತೇನೆ. ವಾಲ್ವ್‌ನ ನಾದ ಒಡೆಯುವ (ಡಿಸ್ಟಾರ್ಟ್ ಆಗುವ) ಹಂತದಲ್ಲಿ ಯಾವ ಸ್ವರ ಮೊದಲು ಒಡೆಯುತ್ತದೆ ಎಂಬುದನ್ನೇ ಲೋಡ್ ನಿರ್ಧರಿಸುತ್ತದೆ. ಒಡೆದ ಮೇಲೆ ಈಕ್ವಲೈಜರ್ ಎಷ್ಟು ತಿರುಗಿಸಿದರೂ ಅದು ಬಾರದು. ನನ್ನ ಮಟ್ಟಿಗೆ ಹಣವಾಗಲಿ ಶ್ರಮವಾಗಲಿ ಮೊದಲು ಸುರಿಯಬೇಕಾದದ್ದು ಈ ಲೋಡ್‌ನ ಮೇಲೆ. ನಾದವನ್ನು ಕಂಪ್ಯೂಟರಿಗೆ ಒಯ್ಯುವ ಇಂಟರ್‌ಫೇಸಿನ ಸರದಿ ಕೊನೆಯದು.

ಸರ್ಕ್ಯೂಟ್

ಸ್ಪೀಕರಿನಂತೆ ಕಂಪನಾಂಕಕ್ಕೆ ತಕ್ಕ ಹಾಗೆ ಓಮ್ ಬದಲಿಸುವ ಲೋಡನ್ನೇ ರಿಯಾಕ್ಟಿವ್ ಲೋಡ್ ಎನ್ನುವುದು. ಅದಕ್ಕಾಗಿ ಸ್ಪೀಕರಿನ ಇಂಪೀಡೆನ್ಸ್ ವಕ್ರರೇಖೆಯನ್ನು ಮೂರು ತುಂಡು ಮಾಡಿ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಬೇಕು.

ಮೊದಲನೆಯದು 6.8 ಓಮ್, 100 ವ್ಯಾಟ್‌ನ, ಅಲ್ಯೂಮಿನಿಯಂ ಕವಚದ ವೈರ್‌ವೌಂಡ್ ರೆಸಿಸ್ಟರ್. ಶಾಖದ ಬಹುಪಾಲು ಇದರಲ್ಲೇ. ಮೈಮೇಲೆ 100 ವ್ಯಾಟ್ ಎಂದು ಅಚ್ಚಾಗಿರುವುದು ಹೀಟ್‌ಸಿಂಕ್‌ಗೆ ಬಿಗಿದಾಗಿನ ಮಾತು. ಗಾಳಿಯಲ್ಲಿ ತೇಲಿಬಿಟ್ಟರೆ ಅದರ ತಾಳಿಕೆ ಬಹಳಷ್ಟು ಕುಸಿಯುತ್ತದೆ. 18 ವ್ಯಾಟ್‌ನ ಆಂಪಿಗೆ ನೂರು ಯಾಕೆ ಎಂದರೆ, ಆ 18 ಸ್ವಚ್ಛವಾದ ಸೈನ್ ತರಂಗದ ಲೆಕ್ಕ. ಪೂರ್ತಿ ಒಡೆದು ಚೌಕ ತರಂಗವಾದಾಗ ಅದೇ ಆಂಪ್ ಹತ್ತಿರ ಹತ್ತಿರ ದುಪ್ಪಟ್ಟು, ಅಂದರೆ 36 ವ್ಯಾಟ್‌ವರೆಗೆ ಕೊಡಬಲ್ಲದು. ರೆಸಿಸ್ಟರ್ ತನ್ನ ಮಿತಿಯ ಅಂಚಿನಲ್ಲಿ ಕುದಿಯುವುದು ನನಗೆ ಬೇಡ.

ಎರಡನೆಯದು ತಾರದ ಏರಿಕೆಗೆ: 0.47 ಮಿಲಿಹೆನ್ರಿಯ ಗಾಳಿಗರ್ಭದ ಕಾಯಿಲ್, ಅದಕ್ಕೆ ಸಮಾಂತರವಾಗಿ 33 ಓಮ್, 25 ವ್ಯಾಟ್. ಕಾಯಿಲ್ ಒಂದನ್ನೇ ಬಿಟ್ಟರೆ ಇಂಪೀಡೆನ್ಸ್ ನೇರ ಗೆರೆಯಂತೆ ಏರುತ್ತಲೇ ಹೋಗುತ್ತದೆ. ನಿಜವಾದ ಸ್ಪೀಕರಿನಲ್ಲಿ ಕಬ್ಬಿಣದ ಒಳಗಿನ ಸುಳಿಪ್ರವಾಹಗಳು ಆ ಏರಿಕೆಯನ್ನು ಬಗ್ಗಿಸುತ್ತವೆ. ಆ 33 ಓಮ್ ಮಾಡುವುದು ಇದೇ ಕೆಲಸ. ಲೆಕ್ಕದ ಪ್ರಕಾರ 5 ಕಿಲೋಹರ್ಟ್ಜ್‌ನಲ್ಲಿ ಒಟ್ಟು ಇಂಪೀಡೆನ್ಸ್ ಹದಿನೇಳೂವರೆ ಓಮ್, 10 ಕಿಲೋಹರ್ಟ್ಜ್‌ನಲ್ಲಿ 27.

ಮೂರನೆಯದೇ ಸ್ವಾರಸ್ಯದ ಭಾಗ, ಕೋನ್‌ನ ಅನುರಣನ. 12 ಮಿಲಿಹೆನ್ರಿಯ ಕಬ್ಬಿಣಗರ್ಭದ ಕಾಯಿಲ್, 222 ಮೈಕ್ರೋಫ್ಯಾರಡ್, 47 ಓಮ್, ಮೂರೂ ಸಮಾಂತರ. ಇದು ಅನುರಣಿಸುವುದು 98 ಹರ್ಟ್ಜ್ ಸಮೀಪ. ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರವೂ ಸರಿಯಾಗಿ 98 ಹರ್ಟ್ಜ್! ಇದನ್ನು ಬೇಕೆಂದು ಹೊಂದಿಸಿದ್ದಲ್ಲ, ಸುಲಭವಾಗಿ ಸಿಗುವ ಮೌಲ್ಯಗಳ ಬಿಡಿಭಾಗಗಳನ್ನು ಆಯ್ದಾಗ ತಾನಾಗಿ ಬಂತು. ಪರೀಕ್ಷೆಗೆ ಒಂದು ಸ್ವರ ಸಿಕ್ಕಿತಲ್ಲ ಎಂದು ಖುಷಿಯಾಯಿತು.

222 ಮೈಕ್ರೋಫ್ಯಾರಡ್ ಎಂಬ ವಿಚಿತ್ರ ಸಂಖ್ಯೆ ಬಂದದ್ದು ನೂರರ ಎರಡು, 22ರ ಒಂದು ಬೈಪೋಲಾರ್ ಕೆಪಾಸಿಟರ್‌ಗಳನ್ನು ಕೂಡಿಸಿ. ಅನುರಣನದಲ್ಲಿ ಕಾಯಿಲ್ ಮತ್ತು ಕೆಪಾಸಿಟರ್ ನಡುವೆ ಹಿಂದು ಮುಂದಾಗಿ ತೂಗುವ ಪ್ರವಾಹ ಹೊರಗಿನಿಂದ ಬರುವ ಪ್ರವಾಹಕ್ಕಿಂತ ಬಹಳ ದೊಡ್ಡದು. 98 ಹರ್ಟ್ಜ್‌ನಲ್ಲಿ ಈ ಕೆಪಾಸಿಟರ್‌ನ ರಿಯಾಕ್ಟೆನ್ಸ್ ಏಳೂಕಾಲು ಓಮ್ ಚಿಲ್ಲರೆ. ಅದರ ಮೇಲೆ 20 ವೋಲ್ಟ್ ಬಿದ್ದರೆ ಎರಡೂವರೆ ಆಂಪಿಯರ್ ದಾಟುತ್ತದೆ. ಒಂದೇ ಕೆಪಾಸಿಟರ್ ಅದನ್ನೆಲ್ಲ ಹೊತ್ತು ಬಿಸಿಯಾಗುವುದಕ್ಕಿಂತ ಮೂವರು ಹಂಚಿಕೊಳ್ಳಲಿ. ಮೂರೂ 100 ವೋಲ್ಟ್‌ನವು. ಮಾಮೂಲಿ ಧ್ರುವಗಳಿರುವ ಎಲೆಕ್ಟ್ರೋಲಿಟಿಕ್ ಇಲ್ಲಿ ನಡೆಯುವುದಿಲ್ಲ, ಇಲ್ಲಿರುವುದು ಪರ್ಯಾಯ ಪ್ರವಾಹ.

ಕಬ್ಬಿಣಗರ್ಭದ ಕಾಯಿಲ್‌ನ ತಂತಿಗೆ ತನ್ನದೇ 0.7 ಓಮ್ ಪ್ರತಿರೋಧವಿದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಶಿಖರದ ಎತ್ತರ ತಪ್ಪಿಹೋಗುತ್ತದೆ. ಅನುರಣನದಲ್ಲಿ ಆ 0.7 ಓಮ್ ಸಮಾಂತರದಲ್ಲಿ ಕೂತ ಸುಮಾರು 78 ಓಮ್‌ನಂತೆ ವರ್ತಿಸುತ್ತದೆ, 47 ಓಮ್‌ನೊಂದಿಗೆ ಸೇರಿ 29 ಆಗುತ್ತದೆ, 6.8 ಕೂಡಿಸಿದರೆ ಶಿಖರ 36 ಓಮ್ ಸುತ್ತಮುತ್ತ. ಇನ್ನೂ ಎತ್ತರದ ಶಿಖರ ಬೇಕೆನ್ನುವವರು 47ರ ಜಾಗದಲ್ಲಿ 100 ಹಾಕಬಹುದು. ನನಗೆ ಇಷ್ಟೇ ಹಿತ.

ಪೂರ್ತಿ ಗಾಳಿಗರ್ಭದಲ್ಲೇ 12 ಮಿಲಿಹೆನ್ರಿ ಸುತ್ತಬಹುದಿತ್ತು. ತಾಮ್ರದ ತೂಕ ನೋಡಿ ಕೈಬಿಟ್ಟೆ. ಕಬ್ಬಿಣಗರ್ಭ ಆರಿಸಿದರೆ ಅದು ಎಷ್ಟು ಆಂಪಿಯರ್‌ವರೆಗೆ ಸ್ಯಾಚುರೇಟ್ ಆಗುವುದಿಲ್ಲ (ಗರ್ಭದ ಕಬ್ಬಿಣ ಇನ್ನು ಕಾಂತತೆ ಹಿಡಿಯಲಾರದಷ್ಟು ತುಂಬುವುದಿಲ್ಲ) ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ದೊಡ್ಡ ಸ್ಪೀಕರ್‌ಗಳ ಕ್ರಾಸ್‌ಓವರ್‌ಗೆಂದು ಮಾಡಿದ, ಪದರಪದರ ತಗಡಿನ ಗರ್ಭವಿರುವ ಕಾಯಿಲ್‌ಗಳು ಈ ಕೆಲಸಕ್ಕೆ ಸರಿ. ತೀರಾ ಚಿಕ್ಕದನ್ನು ಹಾಕಿದರೆ ಮಂದ್ರ ಸ್ವರಗಳಲ್ಲಿ ಆಂಪಿನದ್ದಲ್ಲದ ಒಂದು ಕೊಳಕು ಗೊರಗೊರ ಸೇರಿಕೊಳ್ಳುತ್ತದೆ.

ಜೋಡಣೆ

ಹೀಟ್‌ಸಿಂಕ್ ಡಬ್ಬದ ಮುಚ್ಚಳವೇ ಆಗುವಂತೆ ಬಿಗಿದೆ, ರೆಕ್ಕೆಗಳು ಹೊರಗೆ. ರೆಸಿಸ್ಟರ್‌ಗಳ ಕೆಳಗೆ ತೆಳುವಾಗಿ ಥರ್ಮಲ್ ಪೇಸ್ಟ್. ಡಬ್ಬದ ಎರಡು ಬದಿಗೆ ಸಾಲು ತೂತುಗಳು. ಫ್ಯಾನ್ ಇಲ್ಲ.

ಕಾಯಿಲ್‌ಗಳ ಜಾಗ ನಿರ್ಧರಿಸುವುದಕ್ಕೆ ಬೆಸುಗೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಎರಡೂ ಕಾಯಿಲ್‌ಗಳ ಅಕ್ಷಗಳು ಒಂದಕ್ಕೊಂದು ಲಂಬವಾಗಿರಬೇಕು, ಇಲ್ಲವಾದರೆ ಒಂದರ ಕಾಂತಕ್ಷೇತ್ರ ಇನ್ನೊಂದರೊಳಗೆ ನುಗ್ಗುತ್ತದೆ. ಗಾಳಿಗರ್ಭದ ಕಾಯಿಲನ್ನು ಕಬ್ಬಿಣದ ಬೋಲ್ಟ್ ತೂರಿಸಿ ಬಿಗಿದರೆ ಅದು ಗಾಳಿಗರ್ಭವಾಗಿ ಉಳಿಯುವುದಿಲ್ಲ, ಇಂಡಕ್ಟೆನ್ಸ್ ಏರಿಬಿಡುತ್ತದೆ. ಅಲ್ಲಿ ನೈಲಾನ್ ಬೋಲ್ಟ್ ಹಾಕಿದೆ. ಡಬ್ಬ ಅಲ್ಯೂಮಿನಿಯಂ ಆಗಿರುವುದೂ ಇದೇ ಕಾರಣಕ್ಕೆ ಒಳ್ಳೆಯದಾಯಿತು.

ಇನ್‌ಪುಟ್ ಜ್ಯಾಕ್‌ನಿಂದ ರೆಸಿಸ್ಟರ್‌ವರೆಗೆ ದಪ್ಪ ತಂತಿ, ನಡುವೆ ಸ್ವಿಚ್ ಇಲ್ಲ, ಫ್ಯೂಸ್ ಇಲ್ಲ. ಸುರಕ್ಷತೆಗೆಂದು ಫ್ಯೂಸ್ ಹಾಕುವ ಆಸೆ ಯಾರಿಗಾದರೂ ಆಗಬಹುದು. ಆ ಫ್ಯೂಸ್ ಹಾರಿದ ಕ್ಷಣವೇ ಆಂಪ್ ಲೋಡ್ ಇಲ್ಲದೆ ನಿಲ್ಲುತ್ತದೆ. ಆಂಪಿನಿಂದ ಡಬ್ಬಕ್ಕೆ ಬರುವ ಕೇಬಲ್ ಸ್ಪೀಕರ್ ಕೇಬಲ್ಲೇ ಆಗಿರಬೇಕು. ಗಿಟಾರ್ ಕೇಬಲ್ಲಿನ ತುದಿಯೂ ಅದೇ ಜ್ಯಾಕ್‌ಗೆ ಸಲೀಸಾಗಿ ಕೂರುತ್ತದೆ, ಆದರೆ ಅದರ ಒಳಗಿನ ಎಳೆ ಈ ಪ್ರವಾಹಕ್ಕೆಂದು ಮಾಡಿದ್ದಲ್ಲ.

ಲೈನ್ ಔಟ್ ಸರಳ. 18 ವ್ಯಾಟ್ 8 ಓಮ್‌ನಲ್ಲಿ ಎಂದರೆ 12 ವೋಲ್ಟ್. ವೃತ್ತಿಪರ ಲೈನ್ ಮಟ್ಟವಾದ ಪ್ಲಸ್ 4 ಡಿಬಿಯು ಎಂದರೆ 1.23 ವೋಲ್ಟ್. ಲೋಡ್‌ನ ಎರಡು ತುದಿಗಳ ನಡುವೆ 10 ಕಿಲೋಓಮ್ ಮತ್ತು 1 ಕಿಲೋಓಮ್ ಜೋಡಿಸಿ, ಚಿಕ್ಕದರ ಮೇಲಿನಿಂದ ತೆಗೆದರೆ 12 ವೋಲ್ಟ್ 1.09ಕ್ಕೆ ಇಳಿಯುತ್ತದೆ. ಒಂದು ಕಿಲೋಓಮ್ ಜಾಗದಲ್ಲಿ ಪೊಟೆನ್ಶಿಯೋಮೀಟರ್ ಇಟ್ಟೆ, ಅದೇ ಲೆವೆಲ್ ಗುಂಡಿ. ಅದಾದ ಮೇಲೆ 10 ಕಿಲೋಓಮ್‌ನ ಒಂದಕ್ಕೊಂದು ಅನುಪಾತದ ಐಸೋಲೇಶನ್ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಬ್ಯಾಲೆನ್ಸ್ಡ್ ಜ್ಯಾಕ್.

ಆ ಟ್ರಾನ್ಸ್‌ಫಾರ್ಮರನ್ನು ಉಳಿತಾಯಕ್ಕೆಂದು ಬಿಡಬೇಡಿ. ಆಂಪ್ ತನ್ನ ಪ್ಲಗ್ಗಿನ ಮೂಲಕ ಅರ್ತ್ ಆಗಿರುತ್ತದೆ, ಕಂಪ್ಯೂಟರ್ ತನ್ನದರ ಮೂಲಕ. ಇವೆರಡನ್ನೂ ಲೈನ್ ಕೇಬಲ್ ಕೂಡಿಸಿದರೆ ಉಂಗುರವೊಂದು ಪೂರ್ತಿಯಾಗಿ ಗುಂಯ್ ಎನ್ನತೊಡಗುತ್ತದೆ. ಆಂಪಿನ ಪ್ಲಗ್ಗಿನ ಅರ್ತ್ ಪಿನ್ ಮುರಿದರೆ ಗುಂಯ್ ನಿಲ್ಲುತ್ತದೆ ಎಂದು ಹೇಳುವವರು ಇಂದಿಗೂ ಇದ್ದಾರೆ. ಮುನ್ನೂರಕ್ಕೂ ಹೆಚ್ಚು ವೋಲ್ಟ್ ಇರುವ ಲೋಹದ ಪೆಟ್ಟಿಗೆಗೆ ಗಿಟಾರಿನ ತಂತಿಗಳನ್ನೂ ಅದನ್ನು ಮುಟ್ಟಿದ ಬೆರಳುಗಳನ್ನೂ ಕಟ್ಟಿಹಾಕಿ, ಇರುವ ಒಂದೇ ರಕ್ಷಣೆಯನ್ನು ಕತ್ತರಿಸುವ ಕೆಲಸ ಅದು. ಟ್ರಾನ್ಸ್‌ಫಾರ್ಮರ್ ಹಾಕಿ.

ಅಳತೆ, ಆಮೇಲೆ ಆಂಪ್

ಮೊದಲು ಮಲ್ಟಿಮೀಟರ್. ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ 0.2, ಇನ್‌ಪುಟ್ ಜ್ಯಾಕ್‌ಗೆ ಹಿಡಿದಾಗ 8.0. ಎಂದರೆ 7.8 ಓಮ್: 6.8ರ ರೆಸಿಸ್ಟರ್, ದೊಡ್ಡ ಕಾಯಿಲ್ 0.7, ಚಿಕ್ಕ ಕಾಯಿಲ್ 0.3. ಕೂಡಿಸಿದರೆ ಸರಿಹೋಗುತ್ತದೆ. ಜ್ಯಾಕ್‌ನ ತುದಿಗೂ ಡಬ್ಬಕ್ಕೂ ನಡುವೆ ಸಂಪರ್ಕ ಇಲ್ಲವೆಂಬುದನ್ನೂ ನೋಡಿಕೊಂಡೆ.

ವಕ್ರರೇಖೆಗೆ ರೂಮ್ ಈಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ಇಂಪೀಡೆನ್ಸ್ ಅಳೆಯುವ ವ್ಯವಸ್ಥೆಯೇ ಇದೆ. ಇಂಟರ್‌ಫೇಸಿನ ಔಟ್‌ಪುಟ್‌ನಿಂದ 100 ಓಮ್‌ನ ರೆಸಿಸ್ಟರ್ ಮೂಲಕ ಡಬ್ಬಕ್ಕೆ ಕೊಟ್ಟು, ರೆಸಿಸ್ಟರಿನ ಎರಡೂ ಬದಿಯ ವೋಲ್ಟೇಜನ್ನು ಎರಡು ಇನ್‌ಪುಟ್‌ಗಳಿಗೆ ತಂದೆ. ಪರದೆಯ ಮೇಲೆ ಗೆರೆ ಎಡದಿಂದ ಮೆಲ್ಲಗೆ ಏರಿ 97 ಹರ್ಟ್ಜ್‌ನಲ್ಲಿ ಚೂಪಾಗಿ ನಿಂತಿತು, 35 ಓಮ್. ಅಲ್ಲಿಂದ ಜಾರಿ 400ರ ಬಳಿ ಏಳೂಕಾಲಕ್ಕೆ ತಳ ಮುಟ್ಟಿ, ಮತ್ತೆ ನಿಧಾನವಾಗಿ ಮೇಲೆ ಹೋಯಿತು. ನನ್ನ ನಿಜವಾದ ಕ್ಯಾಬಿನೆಟ್ಟನ್ನೂ ಅದೇ ರೀತಿ ಅಳೆದು ಗೆರೆಗಳನ್ನು ಒಂದರ ಮೇಲೊಂದು ಇಟ್ಟೆ. ಕ್ಯಾಬಿನೆಟ್ಟಿನ ಶಿಖರ ಇನ್ನೂ ಕಡಿದು, ಪಕ್ಕದಲ್ಲಿ ಮರದ ಪೆಟ್ಟಿಗೆಯ ಸಣ್ಣ ಉಬ್ಬುಗಳು ಬೇರೆ. ಒಟ್ಟು ಆಕಾರ ಒಂದೇ.

ಆಂಪಿನ ಹಿಂಬದಿಯ 8 ಓಮ್ ಜ್ಯಾಕ್‌ಗೆ ಡಬ್ಬ ಸಿಕ್ಕಿಸಿ, ವಾಲ್ಯೂಮ್ ಕೆಳಗಿಟ್ಟು, ವಾಲ್ವ್ ಕೆಂಪಾಗುವವರೆಗೆ ಕಾದು, ಒಂದೊಂದೇ ಗೆರೆ ಏರಿಸುತ್ತ ಹೋದೆ. ಕೋಣೆಯಲ್ಲಿ ಕೇಳಿಸಿದ್ದು ಪ್ಲೆಕ್ಟ್ರಮ್ ತಂತಿಗೆ ತಾಗುವ ಟಿಕ್ ಟಿಕ್. ಜೊತೆಗೆ ಇನ್ನೊಂದು ಸದ್ದು. ಡಬ್ಬದೊಳಗಿಂದ ನಾನು ನುಡಿಸಿದ್ದೇ ಸ್ವರಗಳು, ಸೊಳ್ಳೆಯ ಗಾತ್ರದಲ್ಲಿ! ಪ್ರವಾಹ ಹರಿದಂತೆಲ್ಲ ಕಾಯಿಲ್‌ನ ಸುತ್ತುಗಳೂ ತಗಡಿನ ಪದರಗಳೂ ಅದುರುತ್ತವೆ. ಎಲ್ಲ ರಿಯಾಕ್ಟಿವ್ ಲೋಡ್‌ಗಳೂ ಅಷ್ಟಿಷ್ಟು ಹಾಡುತ್ತವೆ, ಆಂಪಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಹಾಡುತ್ತದೆ. ದೊಡ್ಡ ಕಾಯಿಲನ್ನು ಬಿಚ್ಚಿ ಇನ್ಸುಲೇಟಿಂಗ್ ವಾರ್ನಿಶ್ ಕುಡಿಸಿ ಒಣಗಿಸಿ, ಕೆಳಗೆ ರಬ್ಬರ್ ಹಾಳೆ ಇಟ್ಟು ಮತ್ತೆ ಬಿಗಿದೆ. ಹಾಡು ಪೂರ್ತಿ ನಿಂತಿಲ್ಲ, ಆದರೆ ಬಾಗಿಲಾಚೆಗೆ ದಾಟುವುದಿಲ್ಲ. ಹೆಡ್‌ಫೋನ್ ಹಾಕಿದ ಮೇಲಂತೂ ಇಲ್ಲವೇ ಇಲ್ಲ.

ಪೂರ್ತಿ ಒಡೆದ ನಾದದಲ್ಲಿ ಬಿಡದೆ ಅರ್ಧ ಗಂಟೆ ನುಡಿಸಿದ ಮೇಲೆ ಹೀಟ್‌ಸಿಂಕ್‌ನ ರೆಕ್ಕೆಗಳನ್ನು ಬೆರಳಲ್ಲಿ ಹಿಡಿದಿರಬಹುದು, ಆದರೆ ಬಹಳ ಹೊತ್ತಲ್ಲ. ಸಾಕು.

ಹೊಸದಾಗಿ ಕಾಣಿಸಿಕೊಂಡ ಸಣ್ಣ ಹಮ್ ಒಂದಿತ್ತು. ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೂ ಯಾಕೆ ಎಂದು ತಂತಿಗಳನ್ನೆಲ್ಲ ತಡವಿ ನೋಡುವಾಗ ಡಬ್ಬ ಸ್ವಲ್ಪ ತಿರುಗಿತು, ಹಮ್ ಇಳಿಯಿತು. ಡಬ್ಬವನ್ನು ಆಂಪಿನ ತಲೆಯ ಮೇಲೇ ಇಟ್ಟಿದ್ದೆ, ಕೆಳಗೆ ಮುಖ್ಯ ಪವರ್ ಟ್ರಾನ್ಸ್‌ಫಾರ್ಮರ್. ಒಳಗಿನ ಕಾಯಿಲ್ ಅದರ ಕ್ಷೇತ್ರವನ್ನು ಹೀರಿಕೊಳ್ಳುತ್ತಿತ್ತು. ಒಂದು ಮೀಟರ್ ಆಚೆ ನೆಲದ ಮೇಲಿಟ್ಟ ಮೇಲೆ ಹಮ್ ಇಲ್ಲ.

ಆ ಜಿ ಸ್ವರದ ಕತೆ: ಮೂರನೇ ಫ್ರೆಟ್ ಒತ್ತಿ ಆರನೇ ತಂತಿ ಮೀಟಿದರೆ ಸ್ವರ ಒಂದು ಕ್ಷಣ ತಡೆದು ಉಬ್ಬುತ್ತದೆ, ಬರೀ ರೆಸಿಸ್ಟರ್ ಲೋಡ್‌ನಲ್ಲಿ ಹಾಗಾಗುವುದಿಲ್ಲ. ಮೆಲು ಮಟ್ಟದಲ್ಲಿ ಲೈನ್ ಔಟ್ ಅಳೆದರೆ ಅಲ್ಲಿ ಸುಮಾರು 8 ಡೆಸಿಬೆಲ್ ಏರಿಕೆ ಕಾಣುತ್ತದೆ. ಜೋರಾಗಿ ನುಡಿಸಿದಾಗ ವಾಲ್ವ್‌ಗಳು ಒತ್ತಿ ಹಿಡಿಯುವುದರಿಂದ ಅಷ್ಟು ಇರುವುದಿಲ್ಲ.

ಐಆರ್ ಇಲ್ಲದೆ ಕೇಳಬೇಡಿ

ಲೈನ್ ಔಟ್‌ನ ಹಸಿ ನಾದ ಕೇಳಲಾರದಷ್ಟು ಕೆಟ್ಟದ್ದು, ದುಂಬಿಯೊಂದು ತಗಡಿನ ಡಬ್ಬದಲ್ಲಿ ಸಿಕ್ಕಿಬಿದ್ದಂತೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ದಾಟಿದ ಮೇಲೆ ಥಟ್ಟನೆ ಇಳಿಯುತ್ತದೆ. ಆ ಇಳಿತವೂ, ಕ್ಯಾಬಿನೆಟ್ಟಿನ ಮರವೂ, ಮುಂದಿದ್ದ ಮೈಕೂ ಸೇರಿದ ಗುಣವನ್ನು ಒಂದು ಪುಟ್ಟ ಧ್ವನಿ ಕಡತದಲ್ಲಿ ಹಿಡಿದಿಟ್ಟದ್ದೇ ಇಂಪಲ್ಸ್ ರೆಸ್ಪಾನ್ಸ್, ಬಾಯಿಮಾತಿನಲ್ಲಿ ಐಆರ್. 48 ಕಿಲೋಹರ್ಟ್ಜ್‌ನಲ್ಲಿ 2048 ಸ್ಯಾಂಪಲ್ ಎಂದರೆ 43 ಮಿಲಿಸೆಕೆಂಡ್. ಸಮೀಪದ ಮೈಕ್‌ನ ನಾದಕ್ಕೆ ಇಷ್ಟು ಧಾರಾಳ. ಐಆರ್ ಹಾಕುವ ಪ್ಲಗಿನ್‌ಗಳು ಉಚಿತವಾಗಿಯೇ ಸಿಗುತ್ತವೆ.

ನೂರಾರು ಐಆರ್‌ಗಳ ಕಂತೆ ಇಳಿಸಿಕೊಂಡು ಒಂದೊಂದನ್ನೇ ಕೇಳುತ್ತ ಕೂತರೆ ಗಿಟಾರ್ ಮೂಲೆ ಸೇರುತ್ತದೆ. ಗ್ರೀನ್‌ಬ್ಯಾಕ್ ಒಂದು, ವಿಂಟೇಜ್ 30 ಒಂದು, ಎರಡೂ ಶೂರ್ ಎಸ್‌ಎಂ57 ಮೈಕ್‌ನಲ್ಲಿ ಹಿಡಿದವು. ನಾನು ಇಲ್ಲಿಗೆ ನಿಲ್ಲಿಸಿದ್ದೇನೆ. ಎರಡನ್ನು ಬೆರೆಸುವವರು ಅವುಗಳ ಆರಂಭದ ಕ್ಷಣ ಒಂದೇ ಆಗಿದೆಯೇ ನೋಡಬೇಕು. ಕೆಲವು ಸ್ಯಾಂಪಲ್‌ಗಳಷ್ಟು ಹೆಚ್ಚು ಕಡಿಮೆಯಾದರೂ ದನಿ ಟೊಳ್ಳಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಮಾರುವವರು ಸಾಮಾನ್ಯವಾಗಿ ಬರೆಯುವುದಿಲ್ಲ. ಐಆರ್ ಹಿಡಿಯುವಾಗ ಸ್ಪೀಕರನ್ನು ನಡೆಸಿದ್ದು ಸಮತಟ್ಟಾದ ಟ್ರಾನ್ಸಿಸ್ಟರ್ ಆಂಪ್ ಆಗಿದ್ದರೆ ರಿಯಾಕ್ಟಿವ್ ಲೋಡ್ ಜೊತೆ ಅದು ಸರಿಜೋಡಿ. ವಾಲ್ವ್ ಆಂಪಿನಿಂದ ನಡೆಸಿ ಹಿಡಿದಿದ್ದರೆ ಮಂದ್ರದ ಉಬ್ಬೂ ತಾರದ ಏರಿಕೆಯೂ ಆಗಲೇ ಐಆರ್ ಒಳಗೆ ಕೂತಿರುತ್ತವೆ. ನನ್ನ ಡಬ್ಬ ಅದನ್ನೇ ಇನ್ನೊಮ್ಮೆ ಸೇರಿಸುತ್ತದೆ. ಒಂದೇ ಸ್ಪೀಕರಿನ ಎರಡು ಐಆರ್‌ಗಳಲ್ಲಿ ಒಂದು ಗುಡುಗುಡು ಎಂದರೆ ಇದನ್ನೇ ಮೊದಲು ಶಂಕಿಸಿ. ಬರೀ ರೆಸಿಸ್ಟರ್ ಲೋಡ್ ಇರುವವರಿಗೆ ವಾಲ್ವ್ ಆಂಪಿನಿಂದ ಹಿಡಿದ ಇಂಥ ಐಆರೇ ಒದಗಿ ಬರಬಹುದು.

ಇಂಟರ್‌ಫೇಸ್, ಹೆಡ್‌ಫೋನ್

ಎರಡು ಲೈನ್ ಇನ್‌ಪುಟ್ ಇರುವ ಯಾವ ಇಂಟರ್‌ಫೇಸ್ ಆದರೂ ಆದೀತು. ಲೋಡ್‌ನ ಕೇಬಲ್ಲನ್ನು ಲೈನ್ ಇನ್‌ಪುಟ್‌ಗೇ ಹಾಕಬೇಕು, ಮೈಕ್‌ಗಾಗಲಿ ಗಿಟಾರ್ ಚಿಹ್ನೆಯ ಇನ್‌ಪುಟ್‌ಗಾಗಲಿ ಅಲ್ಲ. 24 ಬಿಟ್‌ನಲ್ಲಿ ಮಟ್ಟದ ಶಿಖರಗಳು ಮೈನಸ್ 12 ಡೆಸಿಬೆಲ್ ಸುತ್ತ ಆಡುತ್ತಿದ್ದರೆ ಸಾಕು, ಕೆಂಪು ದೀಪದವರೆಗೆ ತಳ್ಳಿ ಗಳಿಸುವುದೇನಿಲ್ಲ. ನಾನು ಮುದ್ರಿಸುವುದು ಐಆರ್ ಇಲ್ಲದ ಹಸಿ ನಾದವನ್ನೇ. ಐಆರ್ ಕೇಳುವುದಕ್ಕೆ ಮಾತ್ರ ಹಾಕಿರುತ್ತೇನೆ. ನಾಳೆ ಮಿಶ್ರಣದ ಹೊತ್ತಿಗೆ ಸ್ಪೀಕರ್ ಬದಲಿಸಬೇಕೆನ್ನಿಸಿದರೆ ದಾರಿ ತೆರೆದಿರಲಿ.

ವಿಳಂಬದ ಬಗ್ಗೆ ಹೆದರಿಸುವವರು ಬಹಳ. 64 ಸ್ಯಾಂಪಲ್ ಬಫರ್ ಒಂದು ದಿಕ್ಕಿಗೆ 1.3 ಮಿಲಿಸೆಕೆಂಡ್, ಹೋಗಿ ಬರುವುದು, ಪರಿವರ್ತಕಗಳು, ಡ್ರೈವರ್ ಎಲ್ಲ ಸೇರಿ ನನ್ನಲ್ಲಿ ಆರೇಳು ಮಿಲಿಸೆಕೆಂಡ್ ಬರುತ್ತದೆ. ಶಬ್ದ ಗಾಳಿಯಲ್ಲಿ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆಂಪಿನಿಂದ ಎರಡು ಮೀಟರ್ ಆಚೆ ನಿಂತು ನುಡಿಸಿದ ಯಾರೂ ತಡವಾಯಿತೆಂದು ದೂರಿದ್ದನ್ನು ನಾನು ಕೇಳಿಲ್ಲ.

ಹೆಡ್‌ಫೋನ್‌ನಲ್ಲಿ ಎರಡು ಕೊರತೆಗಳಿವೆ. ಸ್ಪೀಕರಿನ ಗಾಳಿ ತಂತಿಗಳನ್ನು ಮತ್ತೆ ಮೀಟಿ ಸ್ವರವನ್ನು ಹಿಡಿದಿಡುವುದಿಲ್ಲ. ಒಡೆದ ನಾದದಲ್ಲಿ ಸ್ವರ ಎಳೆಯುವ ಅಭ್ಯಾಸವಿದ್ದವರಿಗೆ ಇದು ಕೈಗೆ ತಿಳಿಯುತ್ತದೆ, ಇದಕ್ಕೆ ಪೆಟ್ಟಿಗೆಯಲ್ಲಿ ಪರಿಹಾರವಿಲ್ಲ. ಇನ್ನೊಂದು ಕಿವಿಯದ್ದೇ ಗುಣ. ಸದ್ದು ಕಡಿಮೆಯಾದಂತೆ ಮಂದ್ರವೂ ತಾರವೂ ನಮಗೆ ಇನ್ನಷ್ಟು ಕಡಿಮೆ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದರ ರೇಖೆಗಳನ್ನು ಎಳೆದು ತೋರಿಸಿದ್ದಾರೆ. ರಾತ್ರಿ ಮೆಲ್ಲಗೆ ಕೇಳುತ್ತ ಸರಿಮಾಡಿದ ಟೋನ್ ಹಗಲು ಸ್ಪೀಕರಿನಲ್ಲಿ ಏರಿಸಿದಾಗ ಗುಡುಗಿ ಚುಚ್ಚುತ್ತದೆ. ಹಾಗಾಗಿ ಬಾಸ್ ಮತ್ತು ಟ್ರೆಬಲ್ ಗುಂಡಿಗಳನ್ನು ರಾತ್ರಿ ಮುಟ್ಟುವುದಿಲ್ಲ, ಹಗಲಿನ ಗುರುತಿನಲ್ಲೇ ಬಿಟ್ಟಿರುತ್ತೇನೆ.

ಸ್ಪೀಕರ್ ಮೌನವಾಗಿದೆ ಎಂದ ಮಾತ್ರಕ್ಕೆ ವಾಲ್ವ್‌ಗಳಿಗೆ ವಿಶ್ರಾಂತಿ ಇಲ್ಲ. ಅವು ಪೂರ್ತಿ ವೇಗದಲ್ಲಿ ದುಡಿಯುತ್ತಿರುತ್ತವೆ, ಅಷ್ಟೇ ಬೇಗ ಸವೆಯುತ್ತವೆ. ಆಂಪಿನ ಬೆನ್ನಿಗೆ ಗಾಳಿ ಆಡುವಂತೆ ಇಡಿ.

ಇದನ್ನೇ 16 ಓಮ್‌ಗೆ ಕಟ್ಟಬೇಕೆಂದರೆ ಲೋಡ್‌ನ ಎಲ್ಲ ರೆಸಿಸ್ಟರ್ ಮತ್ತು ಕಾಯಿಲ್ ಮೌಲ್ಯಗಳನ್ನು ಎರಡರಿಂದ ಗುಣಿಸಿ, ಕೆಪಾಸಿಟರನ್ನು ಅರ್ಧ ಮಾಡಿ. ಶಿಖರ ಅದೇ ಕಂಪನಾಂಕದಲ್ಲಿ ಉಳಿಯುತ್ತದೆ. 50 ವ್ಯಾಟ್‌ನ ಇಎಲ್34 ಆಂಪ್ ಇದ್ದವರು ಮುಖ್ಯ ರೆಸಿಸ್ಟರನ್ನು 200 ವ್ಯಾಟಿಗೆ ಏರಿಸಬೇಕು, ದೊಡ್ಡ ಕಾಯಿಲ್‌ನ ಸ್ಯಾಚುರೇಶನ್ ಮಿತಿಯನ್ನೂ ಕೆಪಾಸಿಟರ್‌ಗಳ ಸಂಖ್ಯೆಯನ್ನೂ ಮತ್ತೆ ಲೆಕ್ಕ ಹಾಕಬೇಕು, ಮತ್ತು ಲೈನ್ ಔಟ್‌ನ 10 ಕಿಲೋಓಮ್ ಜಾಗದಲ್ಲಿ 18 ಕಿಲೋಓಮ್ ಹಾಕಿದರೆ ಲೈನ್ ಮಟ್ಟ ಇಲ್ಲಿರುವಷ್ಟೇ ಬರುತ್ತದೆ.